ತೆರೆಯದೆ ಜೋಡಿಸಿದ ಫೈಲುಗಳು

ನಮ್ಮ ಊರಿನಲ್ಲಿ ಯಾರು ಏನು ಮರೆತರೂ ಅದು ಮರೆವು ಕಚೇರಿಯ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಬೀಗದ ಕೈ ಇಟ್ಟ ಜಾಗ, ತವರುಮನೆಯ ಎಮ್ಮೆಯ ಹೆಸರು, ಶಾಲೆಯಲ್ಲಿ ಬಾಯಿಪಾಠ ಮಾಡಿದ ಹದಿಮೂರರ ಮಗ್ಗಿ, ಮದುವೆಯ ದಿನ ಉಟ್ಟ ಸೀರೆಯ ಬಣ್ಣ, ಯಾವುದಾದರೂ ಸರಿ, ಒಂದು ಮರೆವಿಗೆ ಒಂದು ಫೈಲು. ಏನೋ ಕೈತಪ್ಪಿತು ಅನ್ನಿಸಿದವರು ಸೆರಗಿಗೋ ಧೋತರದ ಚುಂಗಿಗೋ ಒಂದು ಗಂಟು ಹಾಕಿಕೊಂಡು ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುತ್ತಾರೆ. ಗಂಟು ಹಾಕದಿದ್ದರೆ ದಾರಿಯಲ್ಲಿ ಯಾತಕ್ಕೆ ಹೊರಟೆವೆಂಬುದೂ ಮರೆತುಹೋಗಿ, ಅದೂ ಒಂದು ಫೈಲಾಗಿ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ನಾನು ಆ ಕಚೇರಿಯ ಕೌಂಟರಿನಲ್ಲಿ ಕೂರುವ ಗುಮಾಸ್ತ, ಮುರಿಗೆಪ್ಪ. ನನಗೆ ಬೇಗ ಸಿಟ್ಟು ಬರುತ್ತದೆ ಎಂದು ಊರೆಲ್ಲ ಹೇಳುತ್ತದೆ. ದಿನವಿಡೀ ಗಂಟು ಬಿಚ್ಚುವವರ ಎದುರು ಕೂತು ನೋಡಲಿ, ಆಗ ಅವರಿಗೂ ತಿಳಿಯುತ್ತದೆ.

ಮರೆತವರೇ ಬಂದು ತಮ್ಮ ಫೈಲನ್ನು ತೆರೆದರೆ ಮರೆತದ್ದು ಅವರ ತಲೆಗೆ ವಾಪಸು ಹೋಗುತ್ತದೆ, ಫೈಲು ಅಳಿಯುತ್ತದೆ. ಬೇರೆ ಯಾರಾದರೂ ತೆರೆದರೋ, ಅದು ಅವರ ತಲೆಗೆ ಹೋಗಿ ಅಲ್ಲೇ ಠಿಕಾಣಿ ಹೂಡುತ್ತದೆ. ನಿಜವಾದ ಒಡೆಯನಿಗೆ ಮತ್ತೆ ಸಿಗುವುದಿಲ್ಲ. ತೊಂದರೆ ಏನೆಂದರೆ, ಯಾವುದು ಯಾರದೆಂದು ಫೈಲಿನ ಹೆಸರು ನೋಡಿದರೆ ತಿಳಿಯುತ್ತಿರಲಿಲ್ಲ. ಅಂಕಿ, ಅಕ್ಷರ, ಅಡ್ಡಗೀಟು ಎಲ್ಲ ಕಲಸಿದ ಒಂದು ಉದ್ದ ಸಾಲು, ಅಷ್ಟೇ. ಹಾಗಾಗಿ ಕಚೇರಿ ಶುರುವಾದಾಗಿನಿಂದ ನಾವು ಅಂದಾಜಿನ ಮೇಲೆಯೇ ನಡೆಸಿಕೊಂಡು ಬಂದಿದ್ದೆವು. ಬಂದವರಿಗೆ, ಅವರು ಮರೆತ ಹೊತ್ತಿಗೆ ಸುಮಾರಾಗಿ ಬಂದು ಬಿದ್ದಿದ್ದ ಒಂದು ಫೈಲು ತೋರಿಸುವುದು, ಅವರದಾದರೆ ಅವರ ಅದೃಷ್ಟ. ತೀರಾ ಅನುಮಾನ ಬಂದರೆ ಗುಮಾಸ್ತನೇ ತೆರೆದು ನೋಡುವುದು. ಇದರಿಂದಾಗಿ ನನ್ನ ತಲೆಯಲ್ಲಿ ಯಾರದೋ ಮನೆಯ ನಿಂಬೆ ಉಪ್ಪಿನಕಾಯಿಯ ಹದ ಕೂತಿದೆ, ನಾನು ಜನ್ಮದಲ್ಲಿ ಒಲೆ ಹಚ್ಚಿದವನಲ್ಲ. ಯಾರದೋ ನೆಲದಡಿ ಜೋಳ ತುಂಬಿಡುವ ಹಗೇವಿನ ಬಾಯಿ ಎಲ್ಲಿದೆಯೆಂದು ಗೊತ್ತು, ಆ ಮನೆ ಯಾವುದೆಂದು ಗೊತ್ತಿಲ್ಲ. ವಿಮಲಾಕ್ಷಿ ಎಂಬ ಹೆಸರು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಆ ವಿಮಲಾಕ್ಷಿ ಯಾರೋ ದೇವರಿಗೇ ಗೊತ್ತು. ಇದು ಕಚೇರಿಯ ಕೆಲಸದಿಂದ ಬಂದದ್ದು ಎಂದು ನನ್ನ ಹೆಂಡತಿಗೆ ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಇಂಥ ಕಚೇರಿಗೆ ಬಂದವಳು ಗಂಗಾಂಬಿಕೆ. ಬೇರೆ ಊರಿನ ಛಾಪಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಂಡಿದ್ದವಳು, ನಮ್ಮ ಊರಿಗೆ ಮದುವೆಯಾಗಿ ಬಂದು ನಮ್ಮಲ್ಲಿ ಕೆಲಸಕ್ಕೆ ಸೇರಿದಳು. ವಿನಯ ಗಿನಯ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಬಾಯಲ್ಲಿ ಸದಾ ಹುರಿದ ಶೇಂಗಾ, ಮೇಜಿನ ತುಂಬ ಸಿಪ್ಪೆ. ಮೊದಲ ದಿನವೇ ನಾನು ಅಭ್ಯಾಸಬಲದಿಂದ ಒಂದು ಫೈಲು ತೆರೆಯಹೋದಾಗ ನನ್ನ ಕೈಯನ್ನು ಹಿಡಿದು ನಿಲ್ಲಿಸಿದಳು.

"ಕಾಕಾ, ಮಂದಿ ಪೆಟಗಿ ತಗದು ನೋಡಿ, ಇದು ಯಾರದು ಅಂತ ಕೇಳತೀರೇನು? ಹೊರಗಿಂದ ನೋಡ್ರಿ. ಹೊರಗ ಏನರ ಬರದಿರತೈತಿ."

"ಹೊರಗ ಏನೂ ಇಲ್ಲವ್ವಾ. ನಾ ಈ ಕುರ್ಚಿ ಒಳಗ ಕೂತು ಮುದುಕ ಆಗೀನಿ. ಇದ್ದಿದ್ರ ನನಗ ಕಾಣತಿರಲಿಲ್ಲೇನು?"

"ಕಾಣತಿತ್ತು, ನೋಡಿದ್ದರ," ಅಂದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ಅವಳ ಜೊತೆ ಚಹಾ ಕುಡಿಯಲಿಲ್ಲ.

ಆಮೇಲೆ ಅವಳು ಬರೀ ಫೈಲಿನ ಹೆಸರುಗಳನ್ನು ನೋಡುತ್ತ ಕೂತಳು. ಒಂದನ್ನೂ ತೆರೆಯಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಓಣಿ ಓಣಿ ತಿರುಗಿ ಮನೆಗಳ ಬಾಗಿಲು ನೋಡುತ್ತಿದ್ದಳು. ಕಚೇರಿಗೆ ಬಂದ ಹೊಸ ಹುಡುಗಿಗೆ ಏನೋ ತಾಗಿದೆ ಎಂದು ಜನ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. ಒಂದು ದಿನ ಹೊರಗಿನಿಂದ ಓಡಿ ಬಂದವಳೇ ಮೇಜನ್ನು ಗುದ್ದಿದಳು, ಶೇಂಗಾ ಎಲ್ಲ ನೆಲಕ್ಕೆ ಚೆಲ್ಲಿದವು.

"ಬಾಗಲದ ನಂಬರ್ ಕಾಕಾ! ಇದರ ಹೊಟ್ಟ್ಯಾಗ ಬಾಗಲದ ನಂಬರ್ ಐತಿ! ಕೆಂಪು ಬಣ್ಣದಾಗ ಮನಿಮನಿಗೆ ಬರದಾರಲ್ಲ, ಅದ. ಅದರ ಮುಂದಿನ ಅಕ್ಷರ, ಆ ಮನಿಯಾಗ ಎಷ್ಟನೇ ಹಿರಿಯರದು ಅಂತ. ಕಡೀಕ ಇರೂದು ಮರತ ಹೊತ್ತು. ಉಳಿದದ್ದೆಲ್ಲ ಜೊಳ್ಳು."

ನಾನು ನನ್ನ ಮನೆಯ ನಂಬರನ್ನು ಹುಡುಕಿದೆ. ಇತ್ತು. ಅದರ ಮುಂದೆ ಎರಡನೆಯ ಅಕ್ಷರ, ಅಂದರೆ ನಾನು. ನಮ್ಮ ಅವ್ವ ಇನ್ನೂ ಇದ್ದಾಳೆ, ಮನೆಗೆ ಅವಳೇ ಹಿರಿಯಳು. ಇಷ್ಟು ವರ್ಷ ಕಣ್ಣೆದುರಿಗೆ ಇದ್ದದ್ದು ಕಾಣದೆ ಪರರ ಉಪ್ಪಿನಕಾಯಿ ತಲೆಯಲ್ಲಿ ಹೊತ್ತು ತಿರುಗಿದೆನಲ್ಲ ಎಂದು ನಗು ಬಂತು. ಸಿಟ್ಟು ಅಲ್ಲಿಗೆ ಇಳಿಯಿತು. ಆ ಹೊತ್ತಿನಿಂದ ನಾನು ಅವಳ ಅಭಿಮಾನಿ, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಮರುದಿನ ಅವಳು ಕಂಪ್ಯೂಟರಿನಲ್ಲಿ ಒಂದು ಕಪ್ಪು ಪರದೆ ತೆರೆದಳು. ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಬಿಳಿ ಅಕ್ಷರ. ಇದಕ್ಕೆ ಶೆಲ್ ಅನ್ನುತ್ತಾರೆ, ಇಲ್ಲಿ ಬರೆದಿಡುವ ಕೆಲಸದ ಸಾಲುಗಳಿಗೆ ಸ್ಕ್ರಿಪ್ಟ್ ಅನ್ನುತ್ತಾರೆ ಎಂದು ಹೇಳಿ, ಶೇಂಗಾ ಅಗಿಯುತ್ತ ಅಗಿಯುತ್ತ ಬರೆದಳು. ಬರೆದದ್ದನ್ನು ನನಗೆ ನಮ್ಮ ಮಾತಿನಲ್ಲಿ ಓದಿ ಹೇಳಿದಳು. ಬಂದ ಫೈಲುಗಳನ್ನು ಒಂದೊಂದಾಗಿ ತಗೋ. ಹೆಸರಿನಿಂದ ಬಾಗಿಲ ನಂಬರನ್ನು ಬಿಡಿಸಿಕೋ. ಆ ನಂಬರಿನ ಫೋಲ್ಡರ್ ಇದೆಯೋ ನೋಡು, ಇಲ್ಲದಿದ್ದರೆ ಮಾಡು. ಅದರೊಳಗೆ ಆ ಮನುಷ್ಯನಿಗೆ ಒಂದು ಫೋಲ್ಡರ್ ಮಾಡು. ಜೊಳ್ಳು ತೆಗೆದು, ಮರೆತ ಹೊತ್ತನ್ನೇ ಹೆಸರಾಗಿಟ್ಟು, ಫೈಲನ್ನು ಅಲ್ಲಿಡು. ಮುಂದಿನದಕ್ಕೆ ಹೋಗು. ಮುಗಿಯಿತು.

"ಇಷ್ಟನ?" ಅಂದೆ.

"ಇಷ್ಟ. ಇದಕ್ಕಿಂತ ಉದ್ದ ಬರದ್ರ ನನಗ ಬರಂಗಿಲ್ಲ ಅಂತ ಅರ್ಥ. ಇಂಥಾದ್ದು ಎಲ್ಲೆರ ನೋಡೀರೇನು?"

ನೋಡಿರಲಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವಳು ಅದನ್ನು ಓಡಿಸಿದ ರೀತಿ. ಮೊದಲ ಸಲ ಅದು ಯಾವ ಫೈಲನ್ನೂ ಮುಟ್ಟಲಿಲ್ಲ. ಇದನ್ನು ಇಲ್ಲಿಡುತ್ತೇನೆ, ಅದನ್ನು ಅಲ್ಲಿಡುತ್ತೇನೆ ಎಂದು ಪರದೆಯ ಮೇಲೆ ಬಾಯಿಮಾತಿನಲ್ಲಿ ಹೇಳಿತು, ಅಷ್ಟೇ. ಅವಳು ಆ ಸಾಲುಗಳನ್ನು ಬೆರಳಿಟ್ಟು ಓದಿ, ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಕೆಲಸಕ್ಕೆ ಹಚ್ಚಿದಳು. ಮಂದಿಯ ಸಾಮಾನಿಗೆ ಕೈ ಹಾಕುವ ಮೊದಲು ಏನು ಮಾಡುತ್ತೇವೆಂದು ಹೇಳಬೇಕು, ಅದು ಯಂತ್ರವಾದರೂ ಸರಿ, ಎಂಬುದು ಅವಳ ಮಾತು. ಆಮೇಲೆ ಗುಂಡಿ ಒತ್ತಿದಳು. ಕಚೇರಿ ಹುಟ್ಟಿದಾಗಿನಿಂದ ರಾಶಿ ಬಿದ್ದಿದ್ದ ಫೈಲುಗಳು, ನಾನು ಚಹಾ ತರಿಸಿ ಕುಡಿಯುವುದರೊಳಗೆ ತಮ್ಮ ತಮ್ಮ ಮನೆ ಸೇರಿದವು. ಒಂದನ್ನೂ ತೆರೆಯಲಿಲ್ಲ, ಒಬ್ಬರ ಗುಟ್ಟೂ ಇನ್ನೊಬ್ಬರಿಗೆ ಹೋಗಲಿಲ್ಲ. ನಾನು ಎದ್ದು ನಿಂತುಬಿಟ್ಟೆ. ಯಾಕೆ ನಿಂತೆನೆಂದು ಕೇಳಿದರೆ ಹೇಳಲು ಬರುವುದಿಲ್ಲ, ಕೂತು ನೋಡುವಂಥದಲ್ಲ ಅನ್ನಿಸಿತು.

ಆ ಸ್ಕ್ರಿಪ್ಟನ್ನು ಅವಳು ಗಡಿಯಾರಕ್ಕೆ ಕಟ್ಟಿದಳು. ಗಂಟೆಗೊಮ್ಮೆ ತಾನಾಗಿಯೇ ಎದ್ದು, ಬಂದದ್ದನ್ನು ಜೋಡಿಸಿ, ಮತ್ತೆ ಮಲಗುತ್ತಿತ್ತು. ನಮ್ಮ ಬಾಗಿಲಿನ ಸಾಲು ಕರಗಿತು. ಜನ ಬಾಗಿಲ ನಂಬರ್ ಹೇಳುವುದು, ಒಳಗಿನ ಕೋಣೆಯಲ್ಲಿ ಕೂತು ತಮ್ಮದನ್ನು ತೆರೆಯುವುದು, ಗಂಟು ಬಿಚ್ಚಿಕೊಂಡು ಹೋಗುವುದು. ಗಂಡ ಹೆಂಡತಿ ಒಬ್ಬರದೊಬ್ಬರು ತೆರೆದು ಜಗಳ ಕಾಯುವುದು ನಿಂತಿತು. ಸಾಲಿನಲ್ಲಿ ನಿಂತು ಊರ ಸುದ್ದಿ ಕೇಳುತ್ತಿದ್ದ ಮುದುಕಿಯರಿಗೆ ಮಾತ್ರ ಬೇಜಾರಾಯಿತು. ಒಬ್ಬಳಂತೂ ಬಂದು, "ಯವ್ವಾ, ವಾರದಾಗ ಒಂದಿನ ಆದ್ರೂ ಅದನ್ನ ಬಂದ್ ಇಡು," ಎಂದು ಗಂಗಾಂಬಿಕೆಯನ್ನು ಬೇಡಿಕೊಂಡಳು.

ಕಚೇರಿಗೆ ಇಷ್ಟು ಹೆಸರು ಬಂದ ಮೇಲೆ ಹೊಸ ಬೋರ್ಡು ಬೇಕೆನಿಸಿತು. ಬೋರ್ಡು ಬರೆಯಲು ಅಡಿವೆಪ್ಪನೇ ಬರಬೇಕು. ನನಗಿಂತ ಹಿರಿಯ, ಆದರೂ ಏಣಿ ಹತ್ತಿದರೆ ಕೈ ನಡುಗುತ್ತಿರಲಿಲ್ಲ. ಊರಿನ ಅಂಗಡಿಗಳ ಹೆಸರೆಲ್ಲ ಅವನ ಕೈಬರಹವೇ. "ಮರೆವು" ಬರೆದು ಮುಗಿಸಿ "ಕಚೇರಿ"ಗೆ ಬಣ್ಣ ಅದ್ದಿದ್ದ, ಅಷ್ಟರಲ್ಲಿ ಏಣಿ ಜಾರಿತು. ನಾವು ಓಡಿ ಹೋದಾಗ ಮೆಟ್ಟಿಲಿಗೆ ತಲೆ ಬಡಿದು ಬಿದ್ದಿದ್ದ. ಡಾಕ್ಟರರನ್ನು ಕರೆಸಿದೆವು. ಅವರು ಪಟ್ಟಿ ಕಟ್ಟಿ, ಗಾಯ ದೊಡ್ಡದೇನಲ್ಲ ಅಂದರು. ಅಡಿವೆಪ್ಪ ಎದ್ದು ಕೂತು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: "ನಾ ಯಾರ್ರಿ?"

ಅವನ ಹೆಂಡತಿ ಚೆನ್ನವ್ವ ಆಗಷ್ಟೇ ಓಡಿ ಬಂದಿದ್ದಳು. ಅವಳನ್ನು ನೋಡಿ, "ಇವರು ಯಾಕ ಅಳತಾರ?" ಎಂದು ನನ್ನನ್ನು ಕೇಳಿದ. ಮಾತು ಇತ್ತು, ನಡಿಗೆ ಇತ್ತು. ಜನ ಮತ್ತು ಬಾಳು ಎರಡೂ ಹೋಗಿದ್ದವು.

ಒಳಗಿನಿಂದ ಗಂಗಾಂಬಿಕೆ ಕಿರುಚಿದಳು. ನಾನು ಹೋಗಿ ನೋಡಿದರೆ ಪರದೆಯ ತುಂಬ ಫೈಲುಗಳು ಸುರಿಯುತ್ತಿದ್ದವು, ಎಲ್ಲವೂ ಅಡಿವೆಪ್ಪನ ಮನೆಯ ನಂಬರಿನವು. ಒಬ್ಬ ಮನುಷ್ಯನ ಇಡೀ ಬದುಕು ಬಂದು ಬೀಳುತ್ತಿತ್ತು.

"ಎಲ್ಲಾ ಒಂದ ಹೊತ್ತಿನವು ಕಾಕಾ! ನನ್ನ ಸ್ಕ್ರಿಪ್ಟ್ ಹೊತ್ತು ನೋಡಿ ಹೆಸರಿಡತೈತಿ. ಎಲ್ಲಕ್ಕೂ ಒಂದ ಹೆಸರು ಇಡತೈತಿ. ಒಂದರ ಮ್ಯಾಲೊಂದು ಕುಂತು, ಮೊದಲಿನವು ಅಳಿಸಿ ಹೋಗಿ, ಕಡೀದೊಂದ ಉಳೀತೈತಿ!"

ಗಡಿಯಾರ ನೋಡಿದೆ, ಗಂಟೆಯಾಗಲು ಸ್ವಲ್ಪವೇ ಉಳಿದಿತ್ತು. ಅವಳು ಗಡಿಯಾರದಿಂದ ಸ್ಕ್ರಿಪ್ಟನ್ನು ಬಿಡಿಸಿ ಹಾಕಿದಳು. ಆಮೇಲೆ ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ನಮ್ಮ ಊರಿನಲ್ಲಿ ಮರೆವು ಒಂದೊಂದಾಗಿಯೇ ಬರುವುದು ವಾಡಿಕೆ, ಒಬ್ಬನು ಒಂದೇ ಹೊತ್ತಿನಲ್ಲಿ ಎಲ್ಲವನ್ನೂ ಮರೆತಾನೆಂದು ಯಾರ ತಲೆಗೂ ಹೊಳೆದಿರಲಿಲ್ಲ. "ನನ್ನ ತಪ್ಪು," ಅಂದಳು ಗಂಗಾಂಬಿಕೆ ನೇರವಾಗಿ. ಅದೇ ಹೆಸರಿನ ಫೈಲು ಅಲ್ಲಿ ಆಗಲೇ ಇದ್ದರೆ ಅದರ ಮೇಲೆ ಕೂರಬೇಡ, ಬಾಲಕ್ಕೊಂದು ಅಂಕಿ ಹಚ್ಚಿ ಪಕ್ಕದಲ್ಲಿ ಕೂರು, ಎಂದು ಇನ್ನೊಂದು ಸಾಲು ಸೇರಿಸಿದಳು. ಮತ್ತೆ ಮೊದಲಿನಂತೆ ಬಾಯಿಮಾತಿನಲ್ಲಿ ಓಡಿಸಿ, ಓದಿ, ಆಮೇಲೆ ಕೈ ಹಚ್ಚಿಸಿದಳು. ಅಡಿವೆಪ್ಪನ ಬದುಕು ಒಂದು ಚೂರೂ ಕಳೆಯದೆ ಅವನ ಫೋಲ್ಡರಿನಲ್ಲಿ ಸಾಲಾಗಿ ನಿಂತಿತು. ಚೆನ್ನವ್ವ ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ತಲೆ ತಡೆಯುವುದಿಲ್ಲ, ದಿನವೂ ಸ್ವಲ್ಪ ಸ್ವಲ್ಪ ಕೊಡಿ ಎಂದು ಡಾಕ್ಟರರು ಹೇಳಿದರು. ಹಾಗಾದರೆ ಯಾವುದು ಮೊದಲು? ತೆರೆದು ನೋಡುವಂತಿಲ್ಲ. ಅದಕ್ಕೂ ಗಂಗಾಂಬಿಕೆಯ ಹತ್ತಿರ ಉತ್ತರವಿತ್ತು. ಪ್ರತಿ ಫೈಲಿನ ಹೊರಮೈಯಲ್ಲಿ, ಒಡೆಯ ಅದನ್ನು ಕಡೆಯ ಸಲ ಯಾವಾಗ ನೆನೆಸಿಕೊಂಡಿದ್ದ ಎಂಬುದೂ ಇರುತ್ತದಂತೆ. ಇತ್ತೀಚೆಗೆ ನೆನೆಸಿದ್ದು ಮೇಲೆ, ಬಹಳ ಕಾಲದಿಂದ ಮುಟ್ಟದಿದ್ದದ್ದು ಕೆಳಗೆ, ಹೀಗೆ ಪಟ್ಟಿ ಮಾಡು ಎಂದು ಒಂದೇ ಸಾಲು ಬರೆದಳು. ದಿನವೂ ನೆನೆಯುವುದರ ಮೇಲೆಯೇ ಮನುಷ್ಯ ಬದುಕುವುದು, ಅದು ಮೊದಲು ಬರಲಿ ಅಂದಳು. ನನಗೆ ಇಂಥ ಮಾತು ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯಿಂದ ಶುರು ಮಾಡುವುದೆಂದಾಯಿತು.

ಆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದವನು ಅಡಿವೆಪ್ಪನ ತಮ್ಮ ಫಕೀರಪ್ಪ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಫಕೀರಪ್ಪನ ಮಗಳ ಲಗ್ನಪತ್ರಿಕೆಯಲ್ಲಿ ಬೀಗರ ಕಡೆಯ ಮಾವಂದಿರು, ಕಾಕಂದಿರು ಎಲ್ಲರ ಹೆಸರೂ ಇತ್ತು, ಹುಡುಗಿಯ ಸ್ವಂತ ದೊಡ್ಡಪ್ಪ ಅಡಿವೆಪ್ಪನದು ಇರಲಿಲ್ಲ. ಊರಿನವರ ಹೆಸರನ್ನೆಲ್ಲ ಬೋರ್ಡಿಗೆ ಬರೆದವನ ಹೆಸರನ್ನೇ ತಮ್ಮ ಬಿಟ್ಟನೆಂದು ಜನ ಆಡಿಕೊಂಡರು. ಅಡಿವೆಪ್ಪ ಮದುವೆಗೆ ಹೋಗಲಿಲ್ಲ. ಆಮೇಲೆ ಎದುರು ಬಂದರೆ ಇಬ್ಬರೂ ಓಣಿ ಬದಲಿಸುತ್ತಿದ್ದರು.

ಚೆನ್ನವ್ವ ಗಂಡನನ್ನು ಕರೆತಂದಳು. ಅಡಿವೆಪ್ಪ ತಮ್ಮನನ್ನು ನೋಡಿ ನಕ್ಕು, "ಕೂಡ್ರಿ, ಯಾಕ ನಿಂತೀರಿ?" ಅಂದ. ಫಕೀರಪ್ಪ ಮುಖಕ್ಕೆ ಟವೆಲು ಮುಚ್ಚಿಕೊಂಡು ಅತ್ತ. ಅಣ್ಣನಿಂದ ಅಷ್ಟು ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಅಡಿವೆಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಫಕೀರಪ್ಪ ನಮ್ಮ ಹಿಂದೆ ಕಂಪ್ಯೂಟರಿನ ಹತ್ತಿರ ಬಂದ.

"ಯವ್ವಾ, ಎಲ್ಲಾ ಕೊಡು, ಅದೊಂದು ಬಿಡು. ಲಗ್ನಪತ್ರಿಕೀದು. ಈಗ ಅಣ್ಣ ನನ್ನ ನೋಡಿ ನಕ್ಕ. ಅದು ತಲಿಗೆ ಹೋದ್ರ ಮತ್ತ ಮಾರಿ ತಿರುವತಾನ."

"ಯಾವುದು ಸಿಟ್ಟಿಂದು, ಯಾವುದು ಪ್ರೀತೀದು ಅಂತ ನನ್ನ ಸ್ಕ್ರಿಪ್ಟಿಗೆ ಗೊತ್ತಾಗಂಗಿಲ್ಲ. ಗೊತ್ತಾದ್ರೂ ಬಿಡಂಗಿಲ್ಲ. ಅವರದು ಅವರಿಗೆ," ಅಂದಳು ಗಂಗಾಂಬಿಕೆ. ಹೇಳುತ್ತಲೇ ಪಟ್ಟಿ ತೆರೆದು, ಎಲ್ಲಕ್ಕಿಂತ ಮೇಲಿನ ಸಾಲಿಗೆ ಬೆರಳು ತೋರಿಸಿದಳು. "ಇದನ್ನ ಬೀಳೋ ಹೊತ್ತಿನಾಗೂ ನೆನಸ್ತಿದ್ರು. ಇಲ್ಲಿಂದ ಶುರು ಮಾಡೂಣು."

ಚೆನ್ನವ್ವ ನಿಟ್ಟುಸಿರು ಬಿಟ್ಟಳು. "ದಿನಾ ಮಧ್ಯಾಹ್ನ ಊಟಕ್ಕ ಕೂತಾಗ ಕೈಯಾಗ ರೊಟ್ಟಿ ಹಿಡಕೊಂಡು ಸುಮ್ಮನ ಹೊರಗ ನೋಡ್ಕೋತ ಕೂಡತಿದ್ರು. ಏನರ ನೆನಸ್ತಿದ್ರು. ನಾ ಕೇಳಲಿಲ್ಲ. ಲಗ್ನಪತ್ರಿಕೀದ ಇರಬೇಕು ಅನಕೊಂಡಿದ್ದೆ."

ಇಷ್ಟು ಸಾಕಾಯಿತು ಫಕೀರಪ್ಪನಿಗೆ. "ಅದ, ಅದ! ಮತ್ತೇನು ನೆನಸ್ತಾನ?" ಎಂದವನೇ ಗಂಗಾಂಬಿಕೆಯ ಭುಜದ ಮೇಲಿಂದ ಕೈ ಚಾಚಿ ಆ ಫೈಲು ತೆರೆಯುವ ಗುಂಡಿ ಒತ್ತಿಬಿಟ್ಟ. ಅಣ್ಣನ ಸಿಟ್ಟನ್ನು ತಾನೇ ನುಂಗಿಬಿಡಬೇಕೆಂದಿದ್ದ ಪಾಪ. ಮೇಲಿನ ಸಾಲು ಪಟ್ಟಿಯಿಂದ ಮಾಯವಾಯಿತು.

ಫಕೀರಪ್ಪ ಒಂದು ಕಾಲನ್ನು ನೆಲದಿಂದ ಎತ್ತಿದ, ಅದನ್ನು ಇಟ್ಟು ಇನ್ನೊಂದನ್ನು ಎತ್ತಿದ. ಮೇಜು ಹಿಡಿದು ಹಾಗೇ ತಕತಕ ಕಾಲು ಬದಲಿಸುತ್ತ, "ಇದು ಅದಲ್ಲ," ಅಂದ. "ಇದು ಲಗ್ನಪತ್ರಿಕೀದಲ್ಲ. ಅಯ್ಯೋ, ನಾ ಏನು ತಗೊಂಡೆ!"

ಗಂಗಾಂಬಿಕೆ ಸಿಟ್ಟಿನಿಂದ ಎದ್ದಳು. ಅವಳು ಅವನಿಗೆ ಬೈದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವನು ಅಷ್ಟಕ್ಕೂ ತಲೆ ತಗ್ಗಿಸಿ ನಿಂತ. ಏನಿತ್ತು ಅದರಲ್ಲಿ ಎಂದು ನಾನು ಕೇಳಿದೆ, ಹೇಳಲಿಲ್ಲ. ಅದು ಇನ್ನು ಅಡಿವೆಪ್ಪನಿಗೆ ವಾಪಸು ಬರುವಂತಿರಲಿಲ್ಲ. ಫಕೀರಪ್ಪ ಮರೆತರೂ ಫಕೀರಪ್ಪನ ಮನೆಯ ನಂಬರಿಗೇ ಹೋಗಿ ಬೀಳುತ್ತದೆ. ಆ ದಿನವೇ ಅವಳು ಒಡೆಯನ ಕೈಗಲ್ಲದೆ ಬೇರೆ ಕೈಗೆ ತೆರೆಯದಂತೆ ಎಲ್ಲ ಫೋಲ್ಡರುಗಳಿಗೂ ಬೀಗ ಹಾಕುವ ಸಾಲು ಬರೆದಳು. ಬರೆಯುವಾಗ ಅವಳ ಕಣ್ಣಲ್ಲಿ ನೀರಿತ್ತು. ಒಂದನ್ನೂ ಕಳೆಯಲಿಲ್ಲವೆಂದು ಹೆಮ್ಮೆಪಟ್ಟವಳು, ಅಡಿವೆಪ್ಪ ಎಲ್ಲಕ್ಕಿಂತ ಹೆಚ್ಚು ನೆನೆಯುತ್ತಿದ್ದದ್ದನ್ನೇ ಕಳೆದುಕೊಂಡಿದ್ದಳು.

ಮಿಕ್ಕದ್ದು ಚೆನ್ನಾಗಿಯೇ ನಡೆಯಿತು. ಪಟ್ಟಿಯ ಮೇಲಿನ ಸಾಲುಗಳಲ್ಲೇ ಚೆನ್ನವ್ವ ಇದ್ದಳು. ಕೋಣೆಯಿಂದ ಹೊರಗೆ ಬಂದು, "ಏನ, ಊಟಾ ಮಾಡಿಲ್ಲೇನು, ಮಾರಿ ಬಾಡೇತಿ," ಎಂದು ಅವನು ಅವಳನ್ನು ಕೇಳಿದಾಗ ಅವಳು ಬೆಂಚಿನ ಮೇಲೆ ಕುಸಿದಳು. ಅಕ್ಷರಗಳು ಬಂದವು, ಬಣ್ಣ ಬೆರೆಸುವ ಹದ ಬಂತು, ಅಪ್ಪ ಅವ್ವ ಬಂದರು. ತಮ್ಮನೂ ಬಂದ. ಗೋಲಿ ಆಡಿದ್ದು, ಒಂದೇ ತಟ್ಟೆಯಲ್ಲಿ ಉಂಡದ್ದು, ಚಿಕ್ಕಪುಟ್ಟವೆಲ್ಲ ಬಂದವು. ಫಕೀರಪ್ಪ ದಿನವೂ ಬೆಂಚಿನ ಮೇಲೆ ಕಾದು ಕೂರುತ್ತಿದ್ದ, ಅಣ್ಣನಿಗೆ ಮನೆಯಿಂದ ಜುಣಕ ರೊಟ್ಟಿ ತರುತ್ತಿದ್ದ. ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು. ಊರಿನ ಜನ ಅದನ್ನು ನೋಡಲೆಂದೇ ಸುಳ್ಳು ಗಂಟು ಹಾಕಿಕೊಂಡು ಬರತೊಡಗಿದರು. ಕದ್ದದ್ದನ್ನು ಹೇಳಿಬಿಡು ಎಂದು ಗಂಗಾಂಬಿಕೆ ಫಕೀರಪ್ಪನಿಗೆ ಒತ್ತಾಯ ಮಾಡಿದಳು. "ಈಗ ಎಲ್ಲಾ ಚಲೋ ಐತಿ, ಯಾಕ ಕೆಡಸೂದು," ಎಂದು ಅವನು ದಿನವೂ ಮುಂದೂಡಿದ. ಆದರೆ ಅಡಿವೆಪ್ಪ ದಿನವೂ ಪಟ್ಟಿಯಲ್ಲಿ ಕೆಳಗಿಳಿಯುತ್ತಿದ್ದ, ಲಗ್ನಪತ್ರಿಕೆ ಎಲ್ಲೋ ಕೆಳಗೆ ಕಾದಿತ್ತು. ಕೋಣೆಯ ಬಾಗಿಲು ತೆರೆದಾಗಲೆಲ್ಲ ಫಕೀರಪ್ಪ ಅಣ್ಣನ ಮುಖವನ್ನೇ ನೋಡುತ್ತಿದ್ದ.

ಪಟ್ಟಿಯ ತಳದ ಸಾಲುಗಳಿಗೆ ಬಂದ ದಿನ ಅಡಿವೆಪ್ಪ ಕೋಣೆಯಿಂದ ಹೊರಗೆ ಬಂದವನು ಬೆಂಚಿನ ಎದುರು ನಿಂತ. ಫಕೀರಪ್ಪ ರೊಟ್ಟಿಯ ಗಂಟು ಬಿಚ್ಚುತ್ತಿದ್ದ.

"ಇವನ್ನ ಯಾರು ಒಳಗ ಬಿಟ್ಟಾರ? ಲಗ್ನಪತ್ರಿಕಿಯಾಗ ಒಡಹುಟ್ಟಿದವನ ಹೆಸರು ಬಿಟ್ಟವ, ನನ್ನ ಬಾಜೂಕ ಕೂತು ರೊಟ್ಟಿ ತಿನ್ನತಾನ! ಎದ್ದು ನಡಿ."

ಗಂಗಾಂಬಿಕೆ ನನ್ನ ಕಿವಿಯಲ್ಲಿ ಹೇಳಿದಳು: "ಎಷ್ಟೋ ವರ್ಷದಿಂದ ಅವರು ಅದನ್ನ ಮುಟ್ಟಿರಲಿಲ್ಲ ಕಾಕಾ. ಇವತ್ತ ತಗದಾರ. ಹೊಸಾ ಗಾಯ ಆಗೇತಿ." ನನಗೆ ಆಗ ತಿಳಿಯಿತು. ಅಡಿವೆಪ್ಪ ಆ ಸಿಟ್ಟನ್ನು ಯಾವಾಗಲೋ ತಳಕ್ಕೆ ತಳ್ಳಿ, ಅದರ ಮೇಲೆ ಬೇರೆ ಏನನ್ನೋ ಇಟ್ಟುಕೊಂಡು ಬದುಕಿದ್ದ. ಮೊದಲು ಮಾತಾಡುವವರು ಯಾರೆಂಬ ಹಟಕ್ಕೆ ಮಾತು ನಿಂತಿತ್ತು, ಅಷ್ಟೇ. ಈಗ ಮೇಲಿದ್ದದ್ದು ಇಲ್ಲ, ತಳದ್ದು ಮಾತ್ರ ಉರಿಯುತ್ತಿದೆ.

ಫಕೀರಪ್ಪ ಎದ್ದು ಬಾಗಿಲವರೆಗೆ ಹೋದ. ಹೊಸ್ತಿಲ ಹತ್ತಿರ ತಿರುಗಿ ನಿಂತ.

"ಹೋಗತೀನಿ. ಪತ್ರಿಕಿ ಅಚ್ಚಿಗೆ ಹೋಗೋ ಮೊದಲ ನಾ ಓದಲಿಲ್ಲ, ಅವಸರದಾಗ ಹಂಗ ಕೊಟ್ಟೆ. ಅದು ನನ್ನ ತಪ್ಪು. ಆದ್ರ ಒಂದು ಮಾತು ಕೇಳು ಅಣ್ಣಾ. ನಾವು ಸಣ್ಣವರಿದ್ದಾಗ ಕಲ್ಲಿನ ಖಣಿಗೆ ಅಪ್ಪಗ ಬುತ್ತಿ ಕೊಟ್ಟು ತಿರುಗಿ ಬರತಿದ್ವಿ. ನಡು ಮಧ್ಯಾಹ್ನ. ಇಬ್ಬರ ಕಾಲಾಗೂ ಏನೂ ಇರಲಿಲ್ಲ. ನಾ ಇನ್ನ ನಡಿಯಂಗಿಲ್ಲ ಅಂತ ಅಳಾಕ ಹತ್ತಿದೆ. ನೀ ನನ್ನ ಬೆನ್ನ ಮ್ಯಾಲ ಕೂಡಿಸ್ಕೊಂಡಿ."

"ನನಗ ಅಂಥಾದ್ದೇನೂ ನೆನಪಿಲ್ಲ."

"ನೆನಪಿರಂಗಿಲ್ಲ. ಕೇಳು. ನೀ ಕುದರಿ ಹಂಗ ಕೆನದಿ, ಕುದರಿ ಹಂಗ ಜಿಗಿಜಿಗಿದು ಓಡಿದಿ, ಮನೀತನಾ. ಇಷ್ಟು ವರ್ಷ ನಾ ಅದನ್ನ ಆಟ ಅನಕೊಂಡಿದ್ದೆ. ನಮ್ಮಣ್ಣ ನನ್ನ ಕುದರಿ ಆಡಿಸಿದ್ದ ಅಂತ ಮಮ್ಮಕ್ಕಳಿಗೂ ಹೇಳೀನಿ. ಅದು ಆಟ ಆಗಿರಲಿಲ್ಲ. ಕಲ್ಲು ಕಾದು ಕೆಂಡ ಆಗಿತ್ತು. ನಿನ್ನ ಅಂಗಾಲು ಸುಡತಿತ್ತು. ಕಾಲು ಊರಾಕ ಆಗದ ಜಿಗೀತಿದ್ದಿ. ಗಂಟಲತನಾ ಅಳು ಬಂದಿತ್ತು ನಿನಗ. ನೀ ಅತ್ರ ನಾ ಅಂಜತೀನಿ ಅಂತ, ಅಳು ಬಂದಾಗೊಮ್ಮೆ ಕೆನದಿ."

ಅಡಿವೆಪ್ಪ ತನ್ನ ಕಾಲುಗಳನ್ನು ನೋಡಿಕೊಂಡ.

"ಬೆನ್ನ ಮ್ಯಾಲ ಕೂತವಗ ನನ್ನ ಅಂಗಾಲು ಸುಡೂದು ಹೆಂಗ ಗೊತ್ತಾತು?"

"ನಿನ್ನ ಪಟ್ಟಿಯಾಗ ಎಲ್ಲಕ್ಕಿಂತ ಮ್ಯಾಲ ಇದ್ದದ್ದು ಇದ. ಬೀಳೋವಾಗೂ ನೀ ಇದನ್ನ ನೆನಸ್ತಿದ್ದಿ. ಲಗ್ನಪತ್ರಿಕೀದು ಅಂತ ತಿಳದು ನಾ ತಗದೆ. ನೀ ಮರತಿಲ್ಲ ಅಣ್ಣಾ, ನಾ ಕಸಗೊಂಡೀನಿ. ಈಗ ದಿನಾ ಮಧ್ಯಾಹ್ನ ನನ್ನ ಕಾಲು ಸುಡತಾವ."

ಚೆನ್ನವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅತ್ತೆ, ಗಂಗಾಂಬಿಕೆಯೂ ಅತ್ತಳು. ಅಡಿವೆಪ್ಪ ತಮ್ಮನ ಕಡೆ ಕೈ ಚಾಚಿದ.

"ಅದನ್ನ ನನಗ ತಿರುಗಿ ಕೊಡು."

"ಕೊಡಾಕ ಬರಂಗಿಲ್ಲಣ್ಣಾ. ಹೇಳಾಕ ಅಷ್ಟ ಬರತೈತಿ."

ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು. ಅಡಿವೆಪ್ಪ ಬೆಂಚಿನ ಮೇಲೆ ಕೂತ.

"ಬೆನ್ನ ಮ್ಯಾಲ ನೀ ಅಳತಿದ್ದಿ ಏನು, ಫಕೀರಾ?"

"ಇಲ್ಲ. ನಗತಿದ್ದೆ. ಇನ್ನೂ ಜೋರ್ ಓಡು ಅಂತ ನಿನ್ನ ಕೂದಲಾ ಜಗ್ಗತಿದ್ದೆ."

"ನಗತಿದ್ದಿ," ಅಂದ ಅಡಿವೆಪ್ಪ. ರೊಟ್ಟಿಯ ಗಂಟನ್ನು ಪಕ್ಕಕ್ಕೆ ಸರಿಸಿ, ಬೆಂಚಿನ ಮೇಲೆ ಜಾಗ ಮಾಡಿದ. "ಬಾ, ಕೂಡು. ಮೊದಲಿಂದ ಹೇಳು."